ಮೂವತ್ತೇಳಕ್ಕೆ ಹನ್ನೊಂದು

ಮಾರ್ಚ್ 7, ಸೋಮವಾರ

ಸೋದರಮಾವನ ಕಾಲಿಗೆ ಪ್ಲಾಸ್ಟರ್ ಹಾಕಿ ಐದು ದಿನವಾಯಿತು. ಇನ್ನೂ ಐದು ವಾರ ನೆಲಕ್ಕೆ ಊರಬಾರದಂತೆ. ಇವತ್ತು ಗ್ಯಾರೇಜಿನ ಬಾಗಿಲನ್ನು ನಾನೊಬ್ಬಳೇ ತೆಗೆದೆ. ತೆಗೆಯುವಾಗ, ಯಾರೂ ಬರದಿರಲಿ ಎಂದು ಬೇಡಿಕೊಂಡೆ. ಕೆಲಸಕ್ಕೆ ಹೆದರಿಕೆಯಿಲ್ಲ. ಹಿಂದಿನ ಆಕ್ಸಲ್ ಬಿಚ್ಚಿ ಜೋಡಿಸುವುದನ್ನು ಏಳು ವರ್ಷದಿಂದ ಮಾಡುತ್ತಿದ್ದೇನೆ. ಮಾತಿಗೆ ಹೆದರಿಕೆ. ಗಿರಾಕಿಗಳ ಹತ್ತಿರ ಮಾತಾಡುವುದು ಮಾವನ ಪಾಲು, ಎಣ್ಣೆಯಲ್ಲಿ ಕೈ ಅದ್ದುವುದು ನನ್ನ ಪಾಲು ಎಂದೇ ಇಷ್ಟು ದಿನ ನಡೆದಿತ್ತು.

ಹತ್ತು ಗಂಟೆಗೆ ದೋನ್ ಕ್ರೆಸೆನ್ಸಿಯೊ ಬಂದರು. ಅರವತ್ತೈದನೇ ಇಸವಿಯ ಇಂಪಾಲಾ ಕಾರು, ಪಕ್ಕದಲ್ಲಿ ಹೆಂಡತಿ ದೋನ್ಯಾ ಅಂಪಾರೊ. ಕಾರು ಬೀದಿಯ ಮೂಲೆಯಲ್ಲಿರುವಾಗಲೇ ಆಕ್ಸಲ್ ಊಳಿಡುವುದು ಕೇಳಿಸಿತ್ತು. ದೋನ್ ಕ್ರೆಸೆನ್ಸಿಯೊ ದ್ರಾಕ್ಷಿ ತೋಟಗಳಿಗೆ ಆಳುಗಳನ್ನು ಒಯ್ಯುವ ಬಸ್ಸನ್ನು ಹದಿನೆಂಟು ವರ್ಷದಿಂದ ಓಡಿಸುತ್ತಿರುವವರು. ಅಮ್ಮ ಈಗಲೂ ಅದರಲ್ಲೇ ಹೋಗುತ್ತಾಳೆ.

"ಎಲ್ಲಿ ನಿಮ್ಮ ಮಾವ? ಇನ್ನೂ ಮಲಗೇ ಇದ್ದಾನಾ? ಒಂದು ಕಾಲು ಮುರಿದ್ರೆ ಇನ್ನೊಂದು ಇಲ್ವಾ?" ಎಂದರು.

ನಾನು ನಕ್ಕೆ.

ಅವರೇ ಹೇಳಿದರು. ಈ ವರ್ಷ ಇಬ್ಬರಿಗೂ ಈ ದೇಶದಲ್ಲಿ ಕಾನೂನುಬದ್ಧವಾಗಿ ಇರಲು ಕಾಗದ ಸಿಕ್ಕಿದೆ. ಗಡಿ ದಾಟಿ ಹೋಗಿ ಮತ್ತೆ ಬರಬಹುದು. ಈಸ್ಟರ್ ಮುಗಿದ ಮಾರನೆಯ ದಿನ ಗಡಿಯಾಚೆಯ ತಮ್ಮ ಊರು ಸಕಟೇಕಸ್‌ಗೆ ಹೊರಡುತ್ತಾರೆ, ಇದೇ ಕಾರಿನಲ್ಲಿ. ದೋನ್ಯಾ ಅಂಪಾರೊ ತಮ್ಮ ತಂಗಿ ಚಾಯೋಳನ್ನು ನೋಡಿ ಹದಿನೆಂಟು ವರ್ಷವಾಗಿದೆ. ಹಿಂದೆ ಡಿಕ್ಕಿಯಲ್ಲಿ ತುಂಬಿಕೊಂಡು ಹೋಗುವುದು ಹೊಲಿಗೆ ಯಂತ್ರ, ಟೀವಿ, ಕಂಬಳಿಗಳು, ಎರಡು ಪೆಟ್ಟಿಗೆ ಬಟ್ಟೆ.

"ಮೊದ್ಲು ಇದನ್ನ ಇಟ್ಕೊಂಡಿದ್ದವನು ರೇಸಿನ ಹುಚ್ಚ. ಯಾವ್ದೋ ಗೇರ್ ಹಾಕ್ಸಿದಾನೆ. ಸಿಗ್ನಲ್ ಬಿಟ್ರೆ ಹಾರುತ್ತೆ. ಗಂಟೆಗೆ ಐವತ್ತೈದು ಮೈಲಿಗೆ ಬಂದ್ರೆ ಇಂಜಿನ್ ಕಿರುಚ್ಕೊಳುತ್ತೆ. ಇವಳಿಗೆ ಗಂಟಲು ಆಪರೇಶನ್ ಆದ್ಮೇಲೆ ದನಿಯೇ ಇಲ್ಲ ನೋಡು. ಇವಳು ಏನೋ ಹೇಳ್ತಾಳೆ. ನಾನು 'ಏನು?' ಅಂತೀನಿ. ಇನ್ನೊಂದ್ಸಲ ಹೇಳ್ತಾಳೆ. 'ಏನು?' ಅಂತೀನಿ. ಮೂರನೇ ಸಲಕ್ಕೆ 'ಹೂಂ' ಅಂದ್ಬಿಡ್ತೀನಿ. ಊರು ಮುಟ್ಟಿದ್ಮೇಲೆ ನೋಡಿದ್ರೆ, ಏನೇನಕ್ಕೋ ಒಪ್ಕೊಂಡಿರ್ತೀನಿ!"

ದೋನ್ಯಾ ಅಂಪಾರೊ ಅವರ ತೋಳಿಗೆ ಹೊಡೆದು ಏನೋ ಅಂದರು. ನಿಂತ ಕಾರಿನಲ್ಲೂ ನನಗೆ ಕೇಳಿಸಲಿಲ್ಲ.

"ಮೂರು ದಿನದ ದಾರಿ ಮಗಳೇ. ಮೂರು ದಿನ ಇವಳ ಮಾತು ನನಗೆ ಕೇಳ್ಬೇಕು. ಅಷ್ಟು ಮಾಡ್ಕೊಡು."

ತಲೆಯಾಡಿಸಿದೆ.

ಮಾರ್ಚ್ 8, ಮಂಗಳವಾರ

ಆಕ್ಸಲ್ ಬಿಚ್ಚಿದೆ. ದೊಡ್ಡ ಕ್ರೌನ್ ಚಕ್ರಕ್ಕೆ ಮೂವತ್ತೇಳು ಹಲ್ಲು. ಅದನ್ನು ತಿರುಗಿಸುವ ಚಿಕ್ಕ ಪಿನಿಯನ್‌ಗೆ ಒಂಬತ್ತು. ಅಂದರೆ ಗಾಲಿ ಒಂದು ಸುತ್ತು ಹೋಗಲು ಇಂಜಿನ್ನಿನ ಕಡೆಯಿಂದ ಬರುವ ಶಾಫ್ಟ್ ನಾಲ್ಕು ಸುತ್ತಿಗಿಂತ ಹೆಚ್ಚು ತಿರುಗಬೇಕು. ಇಂಜಿನ್ ಕಿರುಚದೆ ಇನ್ನೇನು ಮಾಡೀತು? ಹಲ್ಲುಗಳೂ ಸವೆದಿದ್ದವು.

ಮಾವನ ಕಪಾಟಿನಲ್ಲಿ ಈ ಕಾರಿಗೆ ಕೂರುವ ಎರಡು ಜೋಡಿ ಇವೆ. ಎರಡರಲ್ಲೂ ಕ್ರೌನ್ ಮೂವತ್ತೇಳರದೇ. ಒಂದರ ಪಿನಿಯನ್‌ಗೆ ಹನ್ನೊಂದು ಹಲ್ಲು, ಇನ್ನೊಂದಕ್ಕೆ ಹನ್ನೆರಡು. ಮಧ್ಯಾಹ್ನ ದೋನ್ ಕ್ರೆಸೆನ್ಸಿಯೊ ಬಂದಾಗ ಎರಡನ್ನೂ ಬಟ್ಟೆಯ ಮೇಲೆ ಇಟ್ಟು ತೋರಿಸಿದೆ.

"ಯಾವುದು ಸದ್ದು ಕಮ್ಮಿ?"

ಹನ್ನೆರಡನ್ನು ಮುಟ್ಟಿದೆ.

"ಹಾಗಿದ್ರೆ ಅದನ್ನೇ ಹಾಕು."

ಆಗ ನನಗೆ ಬೇಡ ಅನ್ನಿಸಿತು. ಮಾವ ಯಾವ ಗಿರಾಕಿಗೂ ಮೂರು ಮಾತು ಕೇಳದೆ ಗೇರ್ ಆರಿಸುವುದಿಲ್ಲ. ಯಾವ ರಸ್ತೆ, ಎಷ್ಟು ಭಾರ, ಯಾರು ಕೂರುತ್ತಾರೆ. ರಸ್ತೆಯಲ್ಲಿ ಬೆಟ್ಟಗಳಿವೆ. ಭಾರ ಹೊಲಿಗೆ ಯಂತ್ರ, ಟೀವಿ. ಈ ಕಾರಿನ ಗೇರ್‌ಬಾಕ್ಸಿಗೆ ಇರುವುದೇ ಎರಡು ಗೇರು. ಹನ್ನೆರಡು ಹಾಕಿದರೆ ಬಯಲಿನಲ್ಲಿ ಬೆಕ್ಕಿನ ಹಾಗೆ ಹೋಗುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ. ಇದನ್ನೆಲ್ಲ ಹೇಳಬೇಕಿತ್ತು. ಹೇಳುವ ಬದಲು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಒಂದು ಬೆಟ್ಟ ಬರೆದೆ, ಬೆಟ್ಟದ ಮೇಲೆ ಒಂದು ಕಾರು ಬರೆದೆ, ಪಕ್ಕದಲ್ಲಿ 11 ಎಂದು ಬರೆದೆ.

ಅವರು ಬಹಳ ಹೊತ್ತು ನೋಡಿದರು. "ಅದು ಕಾರಾ? ನಾನು ಕೋಳಿ ಅಂದ್ಕೊಂಡೆ," ಎಂದರು. ಆಮೇಲೆ, "ಆಯ್ತು. ಕೋಳಿ ಹತ್ತೋದಾದ್ರೆ ಹನ್ನೊಂದೇ ಇರ್ಲಿ," ಎಂದರು.

ನಾನು ಆರಿಸಿದ ಮೊದಲನೆಯ ಗೇರ್ ಇದು. ನಾಚಿಕೆಯೂ ಆಯಿತು, ಒಳಗೊಳಗೆ ಹಿಗ್ಗೂ ಆಯಿತು.

ಮಾರ್ಚ್ 10, ಗುರುವಾರ

ಹಲ್ಲುಗಳಿಗೆ ಹಳದಿ ಬಣ್ಣ ಬಳಿದು ತಿರುಗಿಸಿ ನೋಡಿದೆ. ಬಣ್ಣ ಹಲ್ಲಿನ ನಟ್ಟನಡುವೆ ಅಳಿಸಿತ್ತು, ಬೀಜದ ಆಕಾರದಲ್ಲಿ. ಹಲ್ಲಿಗೆ ಹಲ್ಲು ಸರಿಯಾಗಿ ಕೂತಿದೆ ಎಂದರ್ಥ. ಪಿನಿಯನ್ ಹಿಂದೆ ಇಡುವ ತೆಳು ಬಿಲ್ಲೆ, ಶಿಮ್, ಮೂರನೆಯದಕ್ಕೇ ಸರಿಹೋಯಿತು. ಮಾವನಿಗೆ ಐದಾದರೂ ಬೇಕಾಗುತ್ತದೆ.

ಇನ್ನು ಒಂದು ಚಿಕ್ಕ ಕೆಲಸ ಉಳಿದಿದೆ. ಗೇರ್‌ಬಾಕ್ಸಿನ ಬಾಲದಲ್ಲಿ ಬೆರಳುದ್ದದ ಕಡ್ಡಿಯ ತುದಿಗೆ ಒಂದು ಪ್ಲಾಸ್ಟಿಕ್ ಹಲ್ಲುಚಕ್ರ ಇರುತ್ತದೆ. ಡ್ರೈವರನ ಮುಂದಿನ ವೇಗದ ಮುಳ್ಳನ್ನು ಆಡಿಸುವುದು ಅದೇ. ಮುಳ್ಳು ಗಾಲಿಯನ್ನು ನೋಡುವುದಿಲ್ಲ, ಶಾಫ್ಟನ್ನು ನೋಡುತ್ತದೆ. ಹಿಂದಿನ ಹಲ್ಲು ಬದಲಾದರೆ ಆ ಚಕ್ರವನ್ನೂ ಬದಲಾಯಿಸಬೇಕು. ಇಲ್ಲದಿದ್ದರೆ ಮುಳ್ಳು ತಪ್ಪು ತೋರಿಸುತ್ತದೆ. ಬೇರೆ ಬೇರೆ ಹಲ್ಲಿಗೆ ಬೇರೆ ಬೇರೆ ಬಣ್ಣದ ಚಕ್ರ. ನಮ್ಮಲ್ಲಿ ಇರಲಿಲ್ಲ. ಬಿಡಿಭಾಗದ ಅಂಗಡಿಗೆ ಹೋಗಬೇಕಿತ್ತು.

ಹೋದೆ. ಕೌಂಟರಿನಲ್ಲಿ ಅದೇ ಕೆಂಪು ಗಡ್ಡದವನು. ಹೋದ ವರ್ಷ ಒಂದು ಬೇರಿಂಗ್ ಕೇಳಿದಾಗ ಅವನು ಕಿವಿಗೆ ಕೈ ಹಿಡಿದು "ಏನು? ಏನು? ಜೋರಾಗಿ!" ಎಂದು ಮೂರು ಸಲ ಕೇಳಿದ್ದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದ್ದರು. ನನ್ನ ಇಂಗ್ಲಿಷ್ ನನಗೇ ಕೇಳಿಸದಷ್ಟು ಸಣ್ಣದು. ಇವತ್ತೂ ಐದು ಜನ ಸಾಲಿನಲ್ಲಿದ್ದರು. ಬಾಗಿಲ ಹತ್ತಿರ ಜೋಡಿಸಿಟ್ಟಿದ್ದ ಎಣ್ಣೆ ಡಬ್ಬಗಳನ್ನು ಸ್ವಲ್ಪ ಹೊತ್ತು ನೋಡಿ ವಾಪಸ್ ಬಂದೆ.

ಮಾರ್ಚ್ 11, ಶುಕ್ರವಾರ

ಬೆಳಿಗ್ಗೆಯೇ ದೋನ್ ಕ್ರೆಸೆನ್ಸಿಯೊ ಬಂದು ಬಾಗಿಲಲ್ಲಿ ನಿಂತಿದ್ದರು. ಹೊಸ ಅಂಗಿ ಹಾಕಿಕೊಂಡಿದ್ದರು. ಕೀಲಿ ಕೊಟ್ಟುಬಿಟ್ಟೆ.

ಸಂಜೆ ಮಾವ ಮನೆಯಿಂದ ಫೋನ್ ಮಾಡಿದ. "ಬಣ್ಣ ಎಲ್ಲಿ ಅಳಿಸ್ತು?"

"ನಡುವೆ."

"ಸಡಿಲ ಎಷ್ಟಿತ್ತು?" ಹೇಳಿದೆ.

"ಶಭಾಶ್ ಕಡ್ಡಿ!" ಸಣಕಲಿಯೆಂದು ಅವನು ನನ್ನನ್ನು ಕರೆಯುವುದೇ ಹಾಗೆ. "ಮೀಟರಿನ ಚಕ್ರ ಬದಲಾಯಿಸ್ದೆ ತಾನೇ?"

"ಹೂಂ," ಎಂದೆ.

ಯಾಕೆ ಹಾಗೆಂದೆನೋ. ಬಾಯಿ ತಾನಾಗಿಯೇ ಅಂದಿತು. ಮುಂದಿನ ವಾರ ಎಣ್ಣೆ ನೋಡಬೇಕೆಂದು ಕಾರನ್ನು ಕರೆಸಿ, ಯಾರಿಗೂ ತಿಳಿಯದ ಹಾಗೆ ಹಾಕಿಬಿಡುತ್ತೇನೆ.

ಮಾರ್ಚ್ 14, ಸೋಮವಾರ

ದೋನ್ ಕ್ರೆಸೆನ್ಸಿಯೊ ಬಂದರು. ಬೇಸರದಲ್ಲಿರಲಿಲ್ಲ, ಸಂಕೋಚದಲ್ಲಿದ್ದರು. ಅದೇ ಕಷ್ಟ.

"ತಪ್ಪು ತಿಳ್ಕೋಬೇಡ ಮಗಳೇ. ಊಳಿಡೋದು ಹೋಯ್ತು. ಆದ್ರೆ ಐವತ್ತೈದಕ್ಕೆ ಬಂದ್ರೆ ಇಂಜಿನ್ ಮೊದ್ಲಿನ ಹಾಗೇ ಕಿರುಚುತ್ತೆ. ಒಂದು ಚೂರೂ ವ್ಯತ್ಯಾಸ ಇಲ್ಲ. ನನಗೆ ಅನ್ಸುತ್ತೆ, ಹನ್ನೆರಡೇ ಹಾಕ್ಬೇಕಿತ್ತೇನೋ."

ಆ ಗಳಿಗೆಯಲ್ಲೇ ನನಗೆ ತಿಳಿಯಿತು. ಮುಳ್ಳು ಐವತ್ತೈದು ತೋರಿಸುವಾಗ ಶಾಫ್ಟ್ ಮೊದಲು ಎಷ್ಟು ತಿರುಗುತ್ತಿತ್ತೋ ಅಷ್ಟೇ ತಿರುಗುತ್ತಿದೆ, ಇಂಜಿನ್ನೂ ಅಷ್ಟೇ. ಸದ್ದು ಹೇಗೆ ಕಮ್ಮಿಯಾದೀತು? ಆದರೆ ಗಾಲಿ ಮೊದಲಿಗಿಂತ ಜೋರಾಗಿ ಓಡುತ್ತಿದೆ. ಅವರು ಐವತ್ತೈದು ಅಂದುಕೊಂಡು ಇನ್ನೂ ಎಷ್ಟೋ ವೇಗದಲ್ಲಿ ಹೋಗುತ್ತಿದ್ದಾರೆ. ಗೇರ್ ಸರಿಯಾಗಿದೆ. ಮುಳ್ಳು ಸುಳ್ಳು ಹೇಳುತ್ತಿದೆ.

ಹೇಳಬೇಕಿತ್ತು. ನಾನು ಹೇಳಿದ್ದು ಇದು: "ಹೊಸ ಹಲ್ಲು, ದೋನ್ ಕ್ರೆಸೆನ್ಸಿಯೊ. ಒಂದಕ್ಕೊಂದು ಉಜ್ಜಿ ನಯ ಆಗ್ಬೇಕು. ಐನೂರು ಮೈಲಿ ಓಡ್ಲಿ. ಆಮೇಲೆ ಸದ್ದು ಕಮ್ಮಿ ಆಗುತ್ತೆ."

ಗಿರಾಕಿಯ ಹತ್ತಿರ ನಾನು ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು. ಸುಳ್ಳು ಹೇಳುವಾಗ ನಾಲಿಗೆ ಒಂದು ಸಲವೂ ತಡವರಿಸಲಿಲ್ಲ.

ಅವರ ಮುಖ ಅರಳಿತು. "ಹಾಗೆ ಹೇಳು ಮತ್ತೆ! ಐನೂರು ಮೈಲಿ ತಾನೇ? ಓಡ್ಸಿದ್ರಾಯ್ತು."

ಮಾರ್ಚ್ 15, ಮಂಗಳವಾರ

ಅಂಗಡಿಗೆ ಹೋದೆ. ಸಾಲಿನಲ್ಲಿ ಯಾರೂ ಇರಲಿಲ್ಲ. ಕೆಂಪು ಗಡ್ಡದವನು ನನ್ನನ್ನೇ ನೋಡುತ್ತಿದ್ದ. ಒಂದು ಕೈ ಒರೆಸುವ ಬಟ್ಟೆಯ ಕಟ್ಟು ಕೊಂಡು ಬಂದೆ.

ಮಾರ್ಚ್ 17, ಗುರುವಾರ

ನಾಳೆ ಹೋಗುತ್ತೇನೆ.

ಮಾರ್ಚ್ 20, ಭಾನುವಾರ

ಚರ್ಚಿನಲ್ಲಿ ಪೂಜೆ ಮುಗಿಸಿ ಬಂದ ಅಮ್ಮ ಬಾಗಿಲಲ್ಲೇ ಹೇಳಿದಳು. ನಿನ್ನೆ ದೋನ್ ಕ್ರೆಸೆನ್ಸಿಯೊನನ್ನು ಹೆದ್ದಾರಿಯಲ್ಲಿ ಪೊಲೀಸರು ಹಿಡಿದರಂತೆ.

"ಐವತ್ತೈದರ ರಸ್ತೆಯಲ್ಲಿ ಅರವತ್ತೇಳು! ಕ್ರೆಸೆನ್ಸಿಯೊ ಕಣೇ! ಹದಿನೆಂಟು ವರ್ಷ ಬಸ್ಸಿನಲ್ಲಿ ನಮ್ಮನ್ನ ಆಮೆ ಥರ ಒಯ್ದವನು. ಅಂಪಾರೊ ಪಾಪ ಭಯಕ್ಕೇ ಸತ್ತು ಹೋಗಿದ್ದಳಂತೆ."

ಐನೂರು ಮೈಲಿ ಮುಗಿಸಲೆಂದೇ ಇಬ್ಬರೂ ಬೆಳಿಗ್ಗೆ ಹೊರಟಿದ್ದರಂತೆ. ಹಿಂದೆ ದೀಪ ಮಿನುಗಿದ್ದೇ ದೋನ್ಯಾ ಅಂಪಾರೊ ಬ್ರೆಡ್ಡಿನ ಚೀಲದಲ್ಲಿ ಇಟ್ಟುಕೊಂಡಿದ್ದ ಕಾಗದಗಳನ್ನೆಲ್ಲ ತೆಗೆದು ಕಿಟಕಿಯಿಂದ ಹೊರಗೆ ಚಾಚಿದರಂತೆ. ಈ ದೇಶದಲ್ಲೇ ಇದ್ದೆವೆಂಬುದಕ್ಕೆ ಸಾಕ್ಷಿಯಾಗಿ ಕೂಡಿಟ್ಟ ಹದಿನೆಂಟು ವರ್ಷದ ಬಾಡಿಗೆ ಚೀಟಿ, ಸಂಬಳದ ಚೀಟಿ, ಬೆರಳಚ್ಚಿನ ಕಾಗದ. ಪೊಲೀಸನು ಕೇಳಿದ್ದು ಬರೀ ಡ್ರೈವಿಂಗ್ ಲೈಸೆನ್ಸು. ಕೈ ಜಾರಿ ಎಲ್ಲ ಗಾಳಿಗೆ ಹಾರಿಹೋಯಿತಂತೆ. ದೋನ್ ಕ್ರೆಸೆನ್ಸಿಯೊ ರಸ್ತೆ ಬದಿಯ ಬೇಲಿಯ ಉದ್ದಕ್ಕೂ ಬಗ್ಗಿ ಬಗ್ಗಿ ಆರಿಸಿದರಂತೆ. ಆ ಪೊಲೀಸನೂ ಎರಡು ಆರಿಸಿ ಕೊಟ್ಟನಂತೆ.

ಊಟಕ್ಕೆ ಏಳಲಿಲ್ಲ. ಹೊಟ್ಟೆನೋವು ಎಂದೆ.

ಮಾರ್ಚ್ 21, ಸೋಮವಾರ

ಐನೂರು ಮೈಲಿ ಓಡಿಸಿ ಎಂದದ್ದು ನಾನು.

ಮಾರ್ಚ್ 23, ಬುಧವಾರ

ದೋನ್ ಕ್ರೆಸೆನ್ಸಿಯೊ ಕಾರು ತಂದು ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿದರು. ನಡಿಗೆಯ ವೇಗದಲ್ಲಿ ಬಂದರು. ಗಾಜಿಗೆ ಒಂದು ರಟ್ಟು ಅಂಟಿಸಿದ್ದರು, ಮಾರಾಟಕ್ಕಿದೆ ಎಂದು.

"ಇಲ್ಲಿ ಹತ್ತು ಜನ ಓಡಾಡ್ತಾರೆ. ನಿಂತಿರ್ಲಿ. ನಿಮ್ಮ ಮಾವನಿಗೆ ಹೇಳಿದೀನಿ."

"ಊರಿಗೆ?" ಎಂದೆ.

"ಅವಳು ಇನ್ನು ಈ ಕಾರಿನಲ್ಲಿ ಕೂರಲ್ಲ ಅಂತಾಳೆ. ಬಸ್ಸಿನಲ್ಲಿ ಹೋಗೋಣ ಅಂದೆ. ಬೇಡ, ಮುಂದಿನ ವರ್ಷ ನೋಡೋಣ ಅಂದಳು. ಆ ಚೀಲ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾಳೆ." ಅವರು ಕಾರಿನ ಮೇಲೆ ಕೈ ಇಟ್ಟು ನಿಂತರು. "ಮುಳ್ಳು ಐವತ್ತೈದರಲ್ಲೇ ಇತ್ತು ಅಂತ ನಾನು ಪ್ರಮಾಣ ಮಾಡ್ತಿದ್ದೆ. ಅವನು ಅರವತ್ತೇಳು ಅಂದ. ಅವನ ಯಂತ್ರ ತೋರಿಸ್ದ. ಅವತ್ತು ರಸ್ತೆಯಲ್ಲಿ ಎಲ್ಲರೂ ನನಗಿಂತ ನಿಧಾನ ಹೋಗ್ತಿದ್ರು ಮಗಳೇ. ನನಗೆ ಆಗ್ಲಾದ್ರೂ ತಿಳೀಬೇಡ್ವಾ? ಕಣ್ಣು ಹೋಗಿದೆ. ಕಾಲಿಗೂ ಹತೋಟಿ ತಪ್ಪಿದೆ. ಈಸ್ಟರ್ ಆದ್ಮೇಲೆ ಬಸ್ಸಿನ ಕೀಲಿನೂ ಕೊಟ್ಬಿಡ್ತೀನಿ. ನಲವತ್ತು ಜನ ಕೂರ್ತಾರೆ ಅದರಲ್ಲಿ. ನಿಮ್ಮಮ್ಮನೂ ಕೂರ್ತಾಳೆ."

ನಾನು ಸ್ಪಾನರ್ ಒರೆಸುತ್ತ ನಿಂತಿದ್ದೆ. ಆಗಲೇ ಒರೆಸಿಟ್ಟಿದ್ದ ಸ್ಪಾನರ್ ಅದು.

ಅವರು ನಡೆದುಕೊಂಡು ಮನೆಗೆ ಹೋದರು.

ಮಾರ್ಚ್ 24, ಗುರುವಾರ

ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತೆ. ಹಳೆಯ ಪ್ಲಾಸ್ಟಿಕ್ ಚಕ್ರವನ್ನು ಬಿಚ್ಚಿ ಒಯ್ದಿದ್ದೆ. ಅಂಗೈ ಮೇಲೆ 37, 11 ಎಂದು ಬರೆದುಕೊಂಡಿದ್ದೆ. ಬೆವರಿಗೆ ಅಳಿಸಿಹೋಯಿತು. ಬಾಯಿಯಲ್ಲೇ ಹೇಳಬೇಕಾಯಿತು. ಕೆಂಪು ಗಡ್ಡದವನು ಕಿವಿಗೆ ಕೈ ಹಿಡಿದ. ಮತ್ತೆ ಹೇಳಿದೆ. ಮತ್ತೆ ಕೈ ಹಿಡಿದ. ಮೂರನೆಯ ಸಲ ಅವನು ಕಿವಿಯಿಂದ ಏನೋ ತೆಗೆದು, ತಿರುಗಿಸಿ, ಮತ್ತೆ ಕಿವಿಗೆ ಇಟ್ಟುಕೊಂಡ. ಕಿವಿ ಕೇಳಿಸುವ ಯಂತ್ರ. "ಬ್ಯಾಟರಿ ಹೋಗಿತ್ತು, ಈಗ ಹೇಳಮ್ಮ," ಎಂದ. ಡಬ್ಬದಿಂದ ಇನ್ನೊಂದು ಬಣ್ಣದ ಚಕ್ರ ತೆಗೆದು ಕೊಟ್ಟ.

ಎರಡು ನಿಮಿಷ ಹಿಡಿಯಿತು. ಎರಡು ನಿಮಿಷದ ಕೆಲಸ. ಕಿವುಡನನ್ನು ಒಂದು ವರ್ಷ ಬೈದುಕೊಂಡಿದ್ದೆ.

ಮಾರ್ಚ್ 25, ಶುಕ್ರವಾರ

ಚಕ್ರ ಹಾಕಿದೆ. ಕಾರು ಅಂಗಳದಲ್ಲೇ ಇರುವುದರಿಂದ ಯಾರೂ ನೋಡಲಿಲ್ಲ.

ಈಗ ಮುಳ್ಳು ಸರಿ ಇದೆ. ಸುಳ್ಳು ಹೇಳಿತ್ತೆಂಬುದಕ್ಕೆ ಏನೂ ಗುರುತು ಉಳಿದಿಲ್ಲ. ದೋನ್ ಕ್ರೆಸೆನ್ಸಿಯೊಗೆ, ನೀವೇ ಒಂದು ಸಲ ಓಡಿಸಿ ನೋಡಿ, ಹಲ್ಲು ನಯವಾಗಿದೆ ಎಂದರೆ ಸಾಕು. ಓಡಿಸುತ್ತಾರೆ. ಸದ್ದು ಇರುವುದಿಲ್ಲ. ಖುಷಿಪಡುತ್ತಾರೆ, ನನ್ನನ್ನು ಹೊಗಳುತ್ತಾರೆ. ಕಣ್ಣು ಹೋಗಿದೆ ಎಂದು ಮಾತ್ರ ಸಾಯುವವರೆಗೂ ನಂಬಿರುತ್ತಾರೆ.

ಹಳೆಯ ಚಕ್ರವನ್ನು ಕಸದ ಡಬ್ಬಕ್ಕೆ ಹಾಕಿದೆ. ಆಮೇಲೆ ತೆಗೆದು ಜೇಬಿನಲ್ಲಿಟ್ಟುಕೊಂಡೆ.

ಮಾರ್ಚ್ 27, ಗರಿಗಳ ಭಾನುವಾರ

ಪೂಜೆ ಮುಗಿದ ಮೇಲೆ ಎಂದಿನಂತೆ ಗಂಡಸರು ಚರ್ಚಿನ ಮುಂದೆ ಕಾರುಗಳಿಗೆ ಒರಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ತಾಳೆಗರಿ. ದೋನ್ ಕ್ರೆಸೆನ್ಸಿಯೊ ಹೆಂಡತಿಯ ಜೊತೆ ನಡೆದು ಬಂದಿದ್ದರು. ಬಸ್ಸಿನಲ್ಲಿ ಅವರ ಹಿಂದಿನ ಸೀಟಿನಲ್ಲೇ ಕೂರುವ ಎಲಿಹಿಯೊ ಗರಿಯನ್ನು ಬಾವುಟದ ಹಾಗೆ ಬೀಸಿದ.

"ಬಂದ್ರು ಬಂದ್ರು, ರೇಸ್ ಕುದುರೆ ಬಂತು! ದಾರಿ ಬಿಡ್ರಪ್ಪ!"

"ನಾಳೆ ಬಸ್ಸಿಗೆ ಹಗ್ಗ ತರ್ಬೇಕಾ ದೋನ್ ಕ್ರೆಸೆನ್ಸಿಯೊ, ಕಟ್ಕೊಂಡು ಕೂರಕ್ಕೆ?" ಎಂದ ಇನ್ನೊಬ್ಬ.

ಎಲ್ಲರೂ ನಕ್ಕರು. ಅವರೂ ನಕ್ಕರು. "ವಯಸ್ಸಾಯ್ತಪ್ಪ. ನೀವು ಬೇರೆ ಡ್ರೈವರ್ ನೋಡ್ಕೊಳ್ಳಿ," ಎಂದರು. ದೋನ್ಯಾ ಅಂಪಾರೊ ನೆಲ ನೋಡುತ್ತಿದ್ದರು.

ನಾನು ಅಮ್ಮನ ಪಕ್ಕದಲ್ಲಿದ್ದೆ. ಹೇಗೆ ಅಷ್ಟು ದೂರ ನಡೆದೆನೋ ಗೊತ್ತಿಲ್ಲ. ಜೇಬಿನಿಂದ ಚಕ್ರ ತೆಗೆದು ಅವರ ಮುಂದೆ ಹಿಡಿದೆ.

"ನಿಮ್ಮ ಕಾಲಲ್ಲ," ಎಂದೆ.

"ಏನು?"

"ನಿಮ್ಮ ಕಾಲು ಸರಿ ಇದೆ. ಕಣ್ಣೂ ಸರಿ ಇದೆ. ಮುಳ್ಳು ಐವತ್ತೈದೇ ತೋರಿಸ್ತಿತ್ತು. ಇದನ್ನ ಬದಲಾಯಿಸ್ಬೇಕಿತ್ತು, ನಾನು ಬದಲಾಯಿಸ್ಲಿಲ್ಲ. ಅಂಗಡಿಯಲ್ಲಿ ಕೇಳಕ್ಕೆ ನಾಚಿಕೆ ಆಯ್ತು. ನೀವು ಸದ್ದು ಅಂದಾಗ್ಲೇ ನನಗೆ ಗೊತ್ತಾಯ್ತು. ಆದ್ರೂ ಐನೂರು ಮೈಲಿ ಓಡ್ಸಿ ಅಂತ ಸುಳ್ಳು ಹೇಳ್ದೆ."

ಎಲಿಹಿಯೊ ಗರಿ ಕೆಳಗಿಳಿಸಿದ.

ದೋನ್ ಕ್ರೆಸೆನ್ಸಿಯೊ ಚಕ್ರ ತೆಗೆದುಕೊಂಡರು, ತಿರುಗಿಸಿ ನೋಡಿದರು. "ಇಷ್ಟೇನಾ ಇದು?" ಎಂದರು. ಆಮೇಲೆ ನನ್ನನ್ನು ನೋಡಿದರು. "ಪೊಲೀಸ್ ದಂಡದ ಚೀಟಿ ಬರೆದದ್ದಕ್ಕಲ್ಲ ನನ್ನ ಬೇಜಾರು, ಹುಡುಗಿ. ಎಂಟು ದಿನ ನನ್ನ ಕಾಲನ್ನ ನಾನೇ ಬೈಕೊಂಡೆ. ಬೆಳಿಗ್ಗೆ ಎದ್ದು ಶೂಸಿಗೆ ಕಾಲು ಹಾಕುವಾಗೆಲ್ಲ ಬೈಕೊಂಡೆ. ನೀನು ಗೊತ್ತಿದ್ದೂ ನೋಡ್ತಾ ಇದ್ದೆ."

ಚಕ್ರವನ್ನು ನನ್ನ ಕೈಗೇ ವಾಪಸ್ ಕೊಟ್ಟು, ಹೆಂಡತಿಯ ಮೊಣಕೈ ಹಿಡಿದು ಹೊರಟರು.

ಹೇಳಿದ ಮೇಲೆ ಹಗುರವಾಗುತ್ತದೆ ಎನ್ನುತ್ತಾರೆ. ಆಗಿಲ್ಲ. ಮೊದಲು ನನ್ನೊಬ್ಬಳಿಗೆ ಗೊತ್ತಿತ್ತು, ಈಗ ಊರಿಗೆಲ್ಲ ಗೊತ್ತು. ಅಷ್ಟೇ.

ಮಾರ್ಚ್ 28, ಸೋಮವಾರ

ಮಾವ ಕಂಕುಳುಗೋಲು ಊರಿಕೊಂಡು ಗ್ಯಾರೇಜಿಗೇ ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

"ಆ ಚಕ್ರ ನಾನೂ ಎಷ್ಟೋ ಸಲ ಮರೆತಿದೀನಿ," ಎಂದ. "ಮರೆತಿದ್ರೆ ನನಗೆ ಬೇಜಾರಿರ್ಲಿಲ್ಲ. ನೀನು ಮರೀಲಿಲ್ಲ. ಬದಲಾಯಿಸಿದ್ಯಾ ಅಂತ ಕೇಳ್ದೆ, ಹೂಂ ಅಂದೆ."

ಆಮೇಲೆ ಕಾರಿನ ಕೆಳಗೆ ಬಗ್ಗಿ ನೋಡಲು ಹೋಗಿ, ಆಗದೆ, "ಹನ್ನೊಂದು ಆರ್ಸಿದ್ದು ಯಾರು?" ಎಂದ.

"ನಾನು."

ಸಂಜೆಯವರೆಗೆ ಕುರ್ಚಿಯಲ್ಲಿ ಕೂತಿದ್ದು ಹೋದ. ನಡುವೆ ಒಬ್ಬ ಪಿಕಪ್ ಟ್ರಕ್ಕಿನವನು ಬಂದಿದ್ದ, ಒಂಬತ್ತು ಹಲ್ಲಿನದೇ ಬೇಕೆಂದು. ಯಾವ ರಸ್ತೆ, ಎಷ್ಟು ಭಾರ, ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ಕೇಳಿದೆ. ಹೆಂಡತಿ, ಎಂಟು ತಿಂಗಳ ಮಗು ಎಂದ. ಯೋಚಿಸಿ ನಾಳೆ ಬಾ ಎಂದು ಕಳಿಸಿದೆ. ಅವನು ಹೋದ ಮೇಲೆ ಮಾವ ನನ್ನನ್ನೇ ನೋಡುತ್ತಿದ್ದ. ಇನ್ನೂ ಕೋಪ ಇಳಿದಿಲ್ಲ ಅಂತ ಕಾಣುತ್ತದೆ.

ಮಾರ್ಚ್ 30, ಬುಧವಾರ

ಇಂಪಾಲಾ ಅಲ್ಲೇ ನಿಂತಿದೆ. ರಟ್ಟೂ ಹಾಗೇ ಇದೆ.

ಹನ್ನೊಂದು ಗಂಟೆಗೆ ದೋನ್ಯಾ ಅಂಪಾರೊ ಒಬ್ಬರೇ ನಡೆದು ಬಂದರು. ಕೈಯಲ್ಲಿ ಬ್ರೆಡ್ಡಿನ ಚೀಲ. ಅವರ ಮಾತು ಕೇಳಲು ಮಾವನ ರೇಡಿಯೊ ಆರಿಸಿ, ತೀರ ಹತ್ತಿರ ಹೋಗಿ ನಿಲ್ಲಬೇಕಾಯಿತು.

"ಮುಳ್ಳು ಈಗ ನಿಜ ಹೇಳುತ್ತೆ ಅಂತ ನಾನು ಹೇಗೆ ನಂಬ್ಲಿ?" ಎಂದರು.

ಪೂರ್ವಕ್ಕೆ ಕಿತ್ತಳೆ ತೋಟಗಳ ನಡುವೆ ಹೋಗುವ ರಸ್ತೆಯಲ್ಲಿ ಒಂದು ಅಡ್ಡರಸ್ತೆಯಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ಮೈಲಿ. ಐವತ್ತೈದರಲ್ಲಿ ಹೋದರೆ ಒಂದು ಮೈಲಿಗೆ ಅರವತ್ತೈದು ಸೆಕೆಂಡು ಹಿಡಿಯುತ್ತದೆ. ಈ ಲೆಕ್ಕವನ್ನು ನಾನು ಆರನೇ ತರಗತಿಯವರೆಗೆ ಕಲಿತದ್ದರಲ್ಲಿ ಮಾಡಲಾಗದೆ ಮಾವನಿಂದ ಮಾಡಿಸಿದ್ದೆ. ಅದನ್ನೂ ಅವರಿಗೆ ಹೇಳಿದೆ.

"ಗಡಿಯಾರ ನಿಮ್ಮ ಕೈಯಲ್ಲೇ ಇರ್ಲಿ. ನೀವೇ ಎಣ್ಸಿ. ಅರವತ್ತೈದಕ್ಕೆ ಮೊದ್ಲೇ ಅಡ್ಡರಸ್ತೆ ಬಂದ್ರೆ ಮುಳ್ಳು ಸುಳ್ಳು. ಆಗ ಕಾರು ಮಾರ್ಬಿಡಿ."

ಅವರು ಯೋಚಿಸಿದರು. "ಮೇ ತಿಂಗಳಲ್ಲಿ ಅವರು ಜಡ್ಜ್ ಮುಂದೆ ನಿಲ್ಬೇಕು. ನೀನು ಬಂದು ಇದನ್ನೆಲ್ಲ ಹೇಳ್ತೀಯಾ?"

"ಬರ್ತೀನಿ."

"ಇಂಗ್ಲಿಷಿನಲ್ಲಿ ಹೇಳ್ಬೇಕು."

"ಹೇಳ್ತೀನಿ. ಚಕ್ರಾನೂ ತರ್ತೀನಿ."

ಚೀಲ ಎದೆಗೆ ಅವಚಿಕೊಂಡು ಹೋದರು. ಕಾರು ಬಿಸಿಲಿನಲ್ಲಿತ್ತು. ತೊಳೆದು ಇಟ್ಟೆ. ಸೀಟಿನ ಸಂದಿಯಲ್ಲಿ ಒಂದು ಸಂಬಳದ ಚೀಟಿ ಸಿಕ್ಕಿತು, 1974ರದ್ದು. ಈ ಡೈರಿಯ ಹಾಳೆಗಳ ನಡುವೆ ಇಟ್ಟಿದ್ದೇನೆ.

ಏಪ್ರಿಲ್ 2, ಶನಿವಾರ

ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಬಂದರು. ದೋನ್ ಕ್ರೆಸೆನ್ಸಿಯೊ ನನ್ನ ಹತ್ತಿರ ಮಾತಾಡಲಿಲ್ಲ. ಕೀಲಿಗೆ ಕೈ ಚಾಚಿದರು, ಕೊಟ್ಟೆ. 1974ರ ಚೀಟಿಯನ್ನು ದೋನ್ಯಾ ಅಂಪಾರೊಗೆ ಕೊಟ್ಟೆ. ಅದನ್ನು ನೋಡಿ ಅವರು ಬಾಯಿಗೆ ಕೈ ಇಟ್ಟುಕೊಂಡರು. ಆ ಒಂದು ಚೀಟಿಗಾಗಿ ಆ ಬೇಲಿಯ ಹತ್ತಿರ ಇನ್ನೂ ಎರಡು ಸಲ ಹೋಗಿ ಹುಡುಕಿದ್ದರಂತೆ. ನನಗೆ ಅವರ ಮುಖ ನೋಡಲಾಗಲಿಲ್ಲ.

"ನೀನೂ ಕೂತ್ಕೋ," ಎಂದರು ದೋನ್ಯಾ ಅಂಪಾರೊ. ಹಿಂದೆ ಕೂತೆ.

ಪಟ್ಟಣ ದಾಟುವವರೆಗೆ ದೋನ್ ಕ್ರೆಸೆನ್ಸಿಯೊ ಬಸ್ಸು ಓಡಿಸುವ ಹಾಗೇ ಓಡಿಸಿದರು, ಪ್ರತಿ ತಿರುವಿಗೂ ಎರಡು ಸಲ ಕನ್ನಡಿ ನೋಡುತ್ತ. ತೋಟಗಳ ರಸ್ತೆ ಬಂತು. ಕಿತ್ತಳೆ ಹೂವಿನ ವಾಸನೆ ಒಳಗೆ ತುಂಬಿತು. ನಿಧಾನಕ್ಕೆ ಮುಳ್ಳು ಏರಿತು. ನಲವತ್ತು. ಐವತ್ತು. ಅವರ ಹೆಗಲುಗಳು ಗಟ್ಟಿಯಾದವು. ಐವತ್ತೈದಕ್ಕೆ ಬಂದು ನಿಂತಿತು. ಅವರು ಮುಳ್ಳನ್ನು ನೋಡಿದರು, ತಮ್ಮ ಕಾಲನ್ನು ನೋಡಿಕೊಂಡರು, ಮತ್ತೆ ಮುಳ್ಳನ್ನು ನೋಡಿದರು.

ಅಡ್ಡರಸ್ತೆ ಸರಿದದ್ದೇ ದೋನ್ಯಾ ಅಂಪಾರೊ ಗಡಿಯಾರ ನೋಡುತ್ತ ಶುರು ಮಾಡಿದರು. "ಒಂದು, ಎರಡು, ಮೂರು..."

ನಾನು ನನ್ನ ಮೊಣಕಾಲುಗಳನ್ನೇ ನೋಡುತ್ತಿದ್ದೆ. ಕಿವಿ ಮಾತ್ರ ಆಕ್ಸಲಿನ ಕಡೆ ಇತ್ತು. ಆಕ್ಸಲ್ ಏನೂ ಹೇಳುತ್ತಿರಲಿಲ್ಲ. ಇಂಜಿನ್ ದೂರದಲ್ಲೆಲ್ಲೋ ಇರುವ ಹಾಗಿತ್ತು. "ಮೂವತ್ತೊಂದು, ಮೂವತ್ತೆರಡು." ಒಂದು ಏರು ಬಂತು, ಕಾಲುವೆಯ ಸೇತುವೆ. ಕಾರು ಏದುಸಿರು ಬಿಡದೆ ಹತ್ತಿತು. ಹನ್ನೆರಡು ಹಾಕಿದ್ದರೆ ಇಲ್ಲಿ ಬಗ್ಗುತ್ತಿತ್ತು ಎಂದು ಅಂದುಕೊಂಡೆ. ತಕ್ಷಣ, ಹಾಗೆ ಅಂದುಕೊಳ್ಳಲು ನನಗೇನು ಮುಖವಿದೆ ಎನಿಸಿತು. "ಐವತ್ತಮೂರು, ಐವತ್ತನಾಲ್ಕು." ಅಡ್ಡರಸ್ತೆಯ ಹಲಗೆ ಇನ್ನೂ ಮುಂದೆಯೇ ಇತ್ತು.

"ಅರವತ್ತಮೂರು. ಅರವತ್ತನಾಲ್ಕು. ಅರವತ್ತೈದು."

ಹಲಗೆ ಕಿಟಕಿಯ ಪಕ್ಕ ಸರಿದು ಹೋಯಿತು.

ದೋನ್ ಕ್ರೆಸೆನ್ಸಿಯೊ ಕಾರು ನಿಲ್ಲಿಸಲಿಲ್ಲ, ತಿರುಗಿಸಲೂ ಇಲ್ಲ. ಹಾಗೇ ಹೋಗುತ್ತಿದ್ದರು. ದೋನ್ಯಾ ಅಂಪಾರೊ ಮೊದಲು ಗಡಿಯಾರವನ್ನು, ಆಮೇಲೆ ಆ ಚೀಟಿಯನ್ನು ಬ್ರೆಡ್ಡಿನ ಚೀಲಕ್ಕೆ ಹಾಕಿ ಬಾಯಿ ಸುತ್ತಿದರು. ಕಿಟಕಿಯ ಹೊರಗೆ ನೋಡುತ್ತ, ಆ ಇಲ್ಲದ ದನಿಯಲ್ಲೇ ಅಂದರು:

"ಚಾಯೋಗೆ ಕಿತ್ತಳೆ ಒಯ್ಯೋಣ. ಅವಳು ಸಿಪ್ಪೆ ಸಮೇತ ತಿಂತಿದ್ಳು."

ದೋನ್ ಕ್ರೆಸೆನ್ಸಿಯೊ "ಏನು?" ಎನ್ನಲಿಲ್ಲ.

"ಎರಡು ಪೆಟ್ಟಿಗೆ ಒಯ್ಯೋಣ," ಎಂದರು. ಕನ್ನಡಿಯಲ್ಲಿ ನನ್ನನ್ನು ನೋಡಿದರು, ಗರಿಗಳ ಭಾನುವಾರದ ನಂತರ ಮೊದಲ ಸಲ ನೇರವಾಗಿ. "ಆ ಭಾರಕ್ಕೂ ಹನ್ನೊಂದೇ ಸಾಕಾ?"

"ಸಾಕು," ಎಂದೆ. ಆಮೇಲೆ ಇನ್ನೂ ಒಂದು ಹೇಳುವುದಿತ್ತು, ಹೇಳಿಬಿಟ್ಟೆ. "ಹೊರಡೋ ಮೊದ್ಲು ಆ ರಟ್ಟು ತೆಗೀರಿ."